ಮತ್ತೊಮ್ಮೆ ಅಳೆದರೆ ಅದೇ ಬಂದೀತೇ?

ಯಂತ್ರದ ಆಯುಸ್ಸು, ಮನುಷ್ಯನ ಬುದ್ಧಿ, ಉತ್ತರಪತ್ರಿಕೆಯ ಅಂಕ, ಪ್ರಯೋಗಾಲಯದ ಫಲಿತಾಂಶ ಎಲ್ಲವೂ ಈಗ ಸಂಖ್ಯೆಯಾಗಿಯೇ ನಮ್ಮ ಕೈಗೆ ಬರುತ್ತವೆ. ಆ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಹೇಳುವ ಇನ್ನೊಂದು ಸಂಖ್ಯೆಯೂ ಇದೆ. ಅದನ್ನು ಓದುವವರು ಕಡಿಮೆ, ತಪ್ಪಾಗಿ ಓದುವವರು ಹೆಚ್ಚು.

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಫ್ರೆಡ್ಡಿ ಲೀ ಹಾಲ್ ಎಂಬ ಕೈದಿಯ ಜೀವ ಒಂದೇ ಒಂದು ಅಂಕಕ್ಕೆ ತೂಗುಬಿದ್ದಿತ್ತು. 1978ರಲ್ಲಿ ನಡೆದ ಕೊಲೆಗಾಗಿ ಅವನಿಗೆ ಮರಣದಂಡನೆಯಾಗಿತ್ತು. ಬೌದ್ಧಿಕ ನ್ಯೂನತೆ ಇರುವವರಿಗೆ ಈ ಶಿಕ್ಷೆ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತ್ತು. ನ್ಯೂನತೆ ಇದೆಯೋ ಇಲ್ಲವೋ ಎಂದು ನಿರ್ಧರಿಸುವ ಬಗೆಯನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿತ್ತು. ಫ್ಲಾರಿಡಾ ಸುಲಭದ ದಾರಿ ಹಿಡಿಯಿತು. ಐಕ್ಯೂ 70 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಉಳಿದ ಸಾಕ್ಷ್ಯಗಳನ್ನು ನೋಡೋಣ, 71 ಇದ್ದರೆ ಮಾತು ಅಲ್ಲಿಗೇ ಮುಗಿಯಿತು.

ಹಾಲ್‌ನ ಐಕ್ಯೂವನ್ನು ನಲವತ್ತು ವರ್ಷಗಳ ಅವಧಿಯಲ್ಲಿ ಒಂಬತ್ತು ಸಲ ಅಳೆಯಲಾಗಿತ್ತು. ಬಂದ ಅಂಕಗಳು 60ರಿಂದ 80ರವರೆಗೆ ಹರಡಿಕೊಂಡಿದ್ದವು. 70ಕ್ಕಿಂತ ಕೆಳಗಿದ್ದ ಎರಡನ್ನು ಕೆಳಗಿನ ನ್ಯಾಯಾಲಯ ಸಾಕ್ಷ್ಯದ ನಿಯಮಗಳ ಕಾರಣಕ್ಕೆ ಕೈಬಿಟ್ಟಿತು. ಉಳಿದವುಗಳಲ್ಲಿ ಎಲ್ಲಕ್ಕಿಂತ ಕಡಿಮೆಯದು 71.

2014ರ ಮೇ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಫ್ಲಾರಿಡಾದ ನಿಯಮವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಆಂಥೊನಿ ಕೆನಡಿ ಬರೆದ ತೀರ್ಪಿನಲ್ಲಿ ಸಂಖ್ಯಾಶಾಸ್ತ್ರದ ಪಾಠವೇ ಅಡಗಿದೆ. 71 ಎಂಬ ಅಂಕವನ್ನು 66ರಿಂದ 76ರವರೆಗಿನ ಹರವು ಎಂದು ಓದಬೇಕು, ಅದೂ ಶೇ 95ರಷ್ಟು ಭರವಸೆಯಿಂದ ಮಾತ್ರ. ಪರೀಕ್ಷೆಯನ್ನು ರೂಪಿಸಿದವರೇ ಒಪ್ಪಿಕೊಳ್ಳುವ ದೋಷವನ್ನು ಸರ್ಕಾರ ಕಂಡೂ ಕಾಣದಂತೆ ಇರಲಾಗದು ಎಂಬುದು ಅದರ ಸಾರ. 2016ರಲ್ಲಿ ಫ್ಲಾರಿಡಾದ ನ್ಯಾಯಾಲಯ ಹಾಲ್‌ನ ಮರಣದಂಡನೆಯನ್ನು ರದ್ದುಪಡಿಸಿತು.

ಕೋರ್ಟು ಕೇಳಿದ ಪ್ರಶ್ನೆ ಬಹಳ ಸರಳ. ಇದನ್ನೇ ಮತ್ತೊಮ್ಮೆ ಅಳೆದರೆ ಎಷ್ಟು ಬಂದೀತು? ವಿಶ್ವಾಸಾರ್ಹತೆಯ ಲೆಕ್ಕಾಚಾರವೆಲ್ಲ, ಅದು ರಾಕೆಟ್ಟಿನದಾಗಲಿ ಮನೋವಿಜ್ಞಾನದ ಪ್ರಶ್ನಾವಳಿಯದಾಗಲಿ, ಈ ಪ್ರಶ್ನೆಗೆ ಕೊಡುವ ಉತ್ತರವೇ. ಆದರೆ ‘ಮತ್ತೊಮ್ಮೆ’ ಎಂದರೆ ಏನು ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ. ಎಂಜಿನಿಯರ್‌ಗೆ ಅದು ಮತ್ತೊಂದು ಗಂಟೆ, ಮನೋವಿಜ್ಞಾನಿಗೆ ಮತ್ತೊಂದು ಪ್ರಶ್ನೆ, ಪರೀಕ್ಷಾ ಮಂಡಳಿಗೆ ಮತ್ತೊಬ್ಬ ಮೌಲ್ಯಮಾಪಕ, ವಿಜ್ಞಾನಕ್ಕೆ ಮತ್ತೊಂದು ಪ್ರಯೋಗಾಲಯ. ಒಂದು ಬಗೆಯ ‘ಮತ್ತೊಮ್ಮೆ’ಗೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಅನ್ವಯಿಸಿದಾಗಲೇ ಅನಾಹುತಗಳಾಗಿವೆ.

ತೊಂಬತ್ತಾರು ವರ್ಷ ಬಾಳುವ ವಾಲ್ವು

ಎಂಜಿನಿಯರಿಂಗ್‌ನಲ್ಲಿ ಈ ಪ್ರಶ್ನೆ ತೀವ್ರವಾದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ರೇಡಾರ್, ರೇಡಿಯೊ, ಕ್ಷಿಪಣಿಗಳಲ್ಲಿ ಬಿಡಿಭಾಗಗಳ ಸಂಖ್ಯೆ ಏರುತ್ತ ಹೋದಂತೆ ಅವು ಕೆಡುವುದೂ ಏರಿತು. ಜರ್ಮನಿಯ ಕ್ಷಿಪಣಿ ಯೋಜನೆಯಲ್ಲಿದ್ದ ರಾಬರ್ಟ್ ಲುಸ್ಸರ್ ಹೆಸರಿನಲ್ಲಿ ಉಳಿದಿರುವ ನಿಯಮ ಆ ಕಾಲದ್ದು. ಒಂದು ಕೆಟ್ಟರೂ ಇಡೀ ಯಂತ್ರ ನಿಲ್ಲುವಂತೆ ಜೋಡಿಸಿದ ಭಾಗಗಳಿದ್ದರೆ, ಅವುಗಳ ವಿಶ್ವಾಸಾರ್ಹತೆಯನ್ನು ಒಂದಕ್ಕೊಂದು ಗುಣಿಸಬೇಕು. ಒಂದೊಂದು ಭಾಗವೂ ಶೇ 99ರಷ್ಟು ಗಟ್ಟಿ ಎಂದರೆ ಕಿವಿಗೆ ಹಿತವಾಗಿರುತ್ತದೆ. ಅಂಥ ನೂರು ಭಾಗಗಳ ಯಂತ್ರ ಸರಿಯಾಗಿ ಕೆಲಸ ಮಾಡುವ ಸಾಧ್ಯತೆ ಶೇ 37ಕ್ಕಿಂತ ಕಡಿಮೆ.

ಇದರ ಕಣ್ಣಿಗೆ ಕಾಣುವ ನಿದರ್ಶನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ತಯಾರಾಗಿ 1946ರಲ್ಲಿ ಲೋಕಕ್ಕೆ ತೋರಿಸಲಾದ ಎನಿಯಾಕ್ ಕಂಪ್ಯೂಟರ್. ಅದರಲ್ಲಿ 17 ಸಾವಿರಕ್ಕೂ ಹೆಚ್ಚು ವಾಲ್ವುಗಳಿದ್ದವು, ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದ ಗಾಜಿನ ವಾಲ್ವುಗಳೇ. ಎಂಜಿನಿಯರುಗಳು ಅವುಗಳಿಗೆ ತಾಳಿಕೆಯ ಮಿತಿಗಿಂತ ಕಡಿಮೆ ವೋಲ್ಟೇಜ್ ಕೊಟ್ಟು ದುಡಿಸಿದರು. ಆರಿಸಿ ಹೊತ್ತಿಸುವಾಗಲೇ ಹೆಚ್ಚು ಕೆಡುತ್ತವೆ ಎಂದು ಗೊತ್ತಾದ ಮೇಲೆ ಯಂತ್ರವನ್ನು ಆರಿಸುವುದನ್ನೇ ತಪ್ಪಿಸಿದರು. ಇಷ್ಟೆಲ್ಲ ಮಾಡಿದ ಮೇಲೂ ಸುಮಾರು ಎರಡು ದಿನಕ್ಕೊಂದು ವಾಲ್ವು ಕೈಕೊಡುತ್ತಿತ್ತು. ಈಗ ಲೆಕ್ಕ ಹಾಕಿ ನೋಡಿ: ಹದಿನೇಳು ಸಾವಿರದ ಐನೂರು ವಾಲ್ವುಗಳಲ್ಲಿ ಎರಡು ದಿನಕ್ಕೆ ಒಂದು ಎಂದರೆ ಒಂದು ವಾಲ್ವಿನ ಪಾಲಿಗೆ 35 ಸಾವಿರ ದಿನ, ಅಂದರೆ ತೊಂಬತ್ತಾರು ವರ್ಷ. ಬಿಡಿ ಭಾಗಕ್ಕೆ ಶತಮಾನದ ಆಯುಸ್ಸು, ಇಡೀ ಯಂತ್ರಕ್ಕೆ ಎರಡು ದಿನದ್ದು. ಎರಡೂ ಸುಳ್ಳಲ್ಲ.

ಇಂದಿನ ಹಾರ್ಡ್ ಡಿಸ್ಕ್‌ಗಳ ವಿವರಪಟ್ಟಿಯಲ್ಲೂ ಇಂಥದೇ ಬೆರಗಿನ ಸಂಖ್ಯೆ ಸಿಗುತ್ತದೆ. ‘ಎರಡು ವೈಫಲ್ಯಗಳ ನಡುವಿನ ಸರಾಸರಿ ಅವಧಿ 10 ಲಕ್ಷ ಗಂಟೆ’ ಎಂದಿರುತ್ತದೆ. 10 ಲಕ್ಷ ಗಂಟೆ ಎಂದರೆ 114 ವರ್ಷ. ಯಾವ ಡಿಸ್ಕನ್ನೂ ಯಾರೂ 114 ವರ್ಷ ಓಡಿಸಿ ನೋಡಿಲ್ಲ, ನೋಡಲೂ ಆಗದು. ಸಾವಿರ ಡಿಸ್ಕ್‌ಗಳನ್ನು ಸಾವಿರ ಗಂಟೆ, ಅಂದರೆ ಆರು ವಾರದಷ್ಟು ಕಾಲ ಓಡಿಸಿ, ಒಂದು ಕೆಟ್ಟಿತೆನ್ನಿ. ಗುಣಿಸಿದರೆ 10 ಲಕ್ಷ ಗಂಟೆಗೆ ಒಂದು ವೈಫಲ್ಯವಾಯಿತು. ವೈಫಲ್ಯದ ದರ ಎಂದೂ ಬದಲಾಗದು ಎಂಬ ಊಹೆ ಈ ಗುಣಾಕಾರದ ಹಿಂದಿದೆ. ಆ ಊಹೆಯನ್ನು ಒಪ್ಪಿಕೊಂಡರೂ, ಸರಾಸರಿ ಅವಧಿ ಮುಟ್ಟುವ ಹೊತ್ತಿಗೆ ಉಳಿದಿರುವುದು ನೂರರಲ್ಲಿ 37 ಡಿಸ್ಕ್‌ಗಳು ಮಾತ್ರ. ‘ಸರಾಸರಿ’ ಎಂದಾಕ್ಷಣ ಅರ್ಧದಷ್ಟಾದರೂ ಉಳಿದಾವು ಎಂದುಕೊಳ್ಳುವವರಿಗೆ ಇದು ಮೊದಲ ಪೆಟ್ಟು.

ಎರಡನೇ ಪೆಟ್ಟು ಬಿದ್ದದ್ದು 2007ರಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ನಿಜಜೀವನದ ದಾಖಲೆ ತೆಗೆದು ನೋಡಿದರು. ತಯಾರಕರ ಸಂಖ್ಯೆಯ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ 0.88ರಷ್ಟು ಡಿಸ್ಕ್‌ಗಳನ್ನು ಬದಲಿಸಬೇಕಿತ್ತು. ದಾಖಲೆಗಳಲ್ಲಿ ಸಾಮಾನ್ಯವಾಗಿ ಕಂಡದ್ದು ಶೇ 2ರಿಂದ 4, ಕೆಲವೆಡೆ ಶೇ 13. ಕಾರ್ಖಾನೆಯ ಪರೀಕ್ಷಾ ಕೋಣೆಯ ‘ಮತ್ತೊಂದು ಗಂಟೆ’ ಬೇರೆ, ವರ್ಷಗಟ್ಟಲೆ ಬಿಸಿಯಲ್ಲಿ ತಿರುಗುವ ಸರ್ವರ್ ಕೋಣೆಯ ‘ಮತ್ತೊಂದು ಗಂಟೆ’ ಬೇರೆ.

ವೈಫಲ್ಯದ ದರ ಕಾಲದೊಂದಿಗೆ ಬದಲಾಗುತ್ತದೆ ಎಂಬುದನ್ನು ಒಂದೇ ಸೂತ್ರದಲ್ಲಿ ಹಿಡಿದವರು ಸ್ವೀಡನ್ನಿನ ಎಂಜಿನಿಯರ್ ವಾಲೋಡಿ ವೈಬುಲ್. 1951ರ ಅವರ ಪ್ರಬಂಧದಲ್ಲಿ ಉಕ್ಕಿನ ಬಲ, ಹಾರುಬೂದಿಯ ಕಣಗಳ ಗಾತ್ರದ ಜೊತೆಗೆ ಭಾರತೀಯ ಹತ್ತಿಯ ಎಳೆಯ ಬಲವೂ ಉದಾಹರಣೆಯಾಗಿ ಬರುತ್ತದೆ. ಸೂತ್ರದಲ್ಲಿರುವ ಆಕಾರಸೂಚಿ ಒಂದಕ್ಕಿಂತ ಕಡಿಮೆ ಇದ್ದರೆ ವಸ್ತು ಎಳವೆಯಲ್ಲೇ ಹೆಚ್ಚು ಕೆಡುತ್ತದೆ, ತಯಾರಿಕೆಯ ದೋಷ ಹುಡುಕಬೇಕು. ಒಂದಕ್ಕಿಂತ ಹೆಚ್ಚಿದ್ದರೆ ಸವೆದು ಕೆಡುತ್ತದೆ, ಹೊತ್ತಿಗೆ ಮುಂಚೆ ಬದಲಿಸಬೇಕು. ಸರಿಯಾಗಿ ಒಂದೇ ಇದ್ದರೆ ಕೆಡುವುದು ಆಕಸ್ಮಿಕ. ಆಗ ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರೂ ಲಾಭವಿಲ್ಲ.

ಮೂರು ಗಡಿಯಾರಗಳ ಲೆಕ್ಕ

ಒಂದನ್ನೇ ನಂಬಲಾಗದಿದ್ದರೆ ಮೂರನ್ನು ಇಡುವುದು ಎಂಜಿನಿಯರುಗಳ ಹಳೆಯ ಉಪಾಯ. ಒಂದು ಕೆಡುವ ಸಾಧ್ಯತೆ ಹತ್ತರಲ್ಲಿ ಒಂದಾದರೆ, ಮೂರೂ ಕೆಡುವ ಸಾಧ್ಯತೆ ಸಾವಿರದಲ್ಲಿ ಒಂದು. ಕಾಗದದ ಮೇಲೆ ಇದು ಭದ್ರಕೋಟೆ.

2013ರ ಜುಲೈ 1ರಂದು ಉಡಾವಣೆಯಾದ ಇಸ್ರೊದ ಪಥದರ್ಶಕ ಉಪಗ್ರಹ ಐಆರ್‌ಎನ್‌ಎಸ್‌ಎಸ್–1ಎ ಒಳಗೆ ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು. ಸ್ಥಳ ಗುರುತಿಸುವ ಉಪಗ್ರಹಕ್ಕೆ ಗಡಿಯಾರವೇ ಪ್ರಾಣ. ಸೆಕೆಂಡಿನ ಕೋಟಿಯ ಒಂದು ಭಾಗದಷ್ಟು ಆಚೀಚೆಯಾದರೆ ಬೆಳಕು ಆ ಹೊತ್ತಿಗೆ ಮೂವತ್ತು ಮೀಟರ್ ಸಾಗಿರುತ್ತದೆ. 2017ರ ಆರಂಭದ ವೇಳೆಗೆ ಮೂರೂ ಗಡಿಯಾರಗಳು ಕೆಟ್ಟಿದ್ದವು. ಅದೇ ಸ್ವಿಸ್ ಕಂಪನಿಯ ಗಡಿಯಾರಗಳು ಯುರೋಪಿನ ಗೆಲಿಲಿಯೊ ಉಪಗ್ರಹಗಳಲ್ಲೂ ತೊಂದರೆ ಕೊಟ್ಟವು. ಸಾವಿರದಲ್ಲಿ ಒಂದು ಎಂಬ ಲೆಕ್ಕ ನಿಂತಿರುವುದು ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ನಂಟಿಲ್ಲ ಎಂಬ ನಂಬಿಕೆಯ ಮೇಲೆ. ಒಂದೇ ವಿನ್ಯಾಸ, ಒಂದೇ ತಯಾರಕ, ಒಂದೇ ವಾತಾವರಣ ಇದ್ದಲ್ಲಿ ಆ ನಂಬಿಕೆಗೆ ಬುಡವೇ ಗಟ್ಟಿಯಿಲ್ಲ. ಮೂರು ಇಟ್ಟರೂ ಅವು ಮೂರು ಸ್ವತಂತ್ರ ಸಾಕ್ಷಿಗಳಾಗುವುದಿಲ್ಲ.

ಸಂಖ್ಯೆಯನ್ನು ಆಸೆಯಿಂದ ಹುಟ್ಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ದುರಂತವೇ ಸಾಕು. 1986ರ ಜನವರಿ 28ರಂದು ಏಳು ಮಂದಿಯನ್ನು ಬಲಿತೆಗೆದುಕೊಂಡ ಈ ಅವಘಡದ ತನಿಖೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ನೌಕೆ ನಾಶವಾಗುವ ಸಾಧ್ಯತೆ ಎಷ್ಟೆಂದು ನಾಸಾದವರನ್ನೇ ಕೇಳಿದರು. ಕೆಲಸ ಮಾಡುವ ಎಂಜಿನಿಯರುಗಳ ಅಂದಾಜು ನೂರರಲ್ಲಿ ಒಂದರ ಆಸುಪಾಸು, ಆಡಳಿತ ವರ್ಗದ್ದು ಲಕ್ಷದಲ್ಲಿ ಒಂದು. ಲಕ್ಷದಲ್ಲಿ ಒಂದು ಎಂದರೆ ದಿನಕ್ಕೊಂದರಂತೆ ಸುಮಾರು ಮುನ್ನೂರು ವರ್ಷ ಹಾರಿಸಿದರೂ ಒಂದೇ ನೌಕೆ ನಾಶವಾಗಬೇಕು ಎಂದು ಫೈನ್‌ಮನ್ ತನಿಖಾ ವರದಿಯ ತಮ್ಮ ಅನುಬಂಧದಲ್ಲಿ ಬರೆದರು. 2011ರಲ್ಲಿ ನೌಕೆಗಳು ನಿವೃತ್ತಿಯಾದಾಗ ಒಟ್ಟು ಹಾರಾಟ 135, ಕಳೆದುಕೊಂಡ ನೌಕೆ ಎರಡು. ಗೆದ್ದದ್ದು ಎಂಜಿನಿಯರುಗಳ ಲೆಕ್ಕ.

ಒಂದೇ ಪ್ರಶ್ನೆ, ಐದು ವೇಷ

ಯಂತ್ರವನ್ನು ಮುರಿಯುವವರೆಗೆ ಓಡಿಸಿ ನೋಡಬಹುದು. ಮನಸ್ಸನ್ನು ಅಳೆಯುವವರಿಗೆ ಆ ಸವಲತ್ತಿಲ್ಲ. ಇವತ್ತು ಪರೀಕ್ಷೆ ಕೊಟ್ಟವರಿಗೆ ನಾಳೆ ಅದನ್ನೇ ಕೊಟ್ಟರೆ ಉತ್ತರ ನೆನಪಿರುತ್ತದೆ, ವರ್ಷ ಬಿಟ್ಟು ಕೊಟ್ಟರೆ ಮನುಷ್ಯರೇ ಬದಲಾಗಿರುತ್ತಾರೆ. ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿದ್ದು ಆಮೇಲೆ ಮನೋವಿಜ್ಞಾನಕ್ಕೆ ಬಂದ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ಇದರ ಬುಡಕ್ಕೆ ಕೈಹಾಕಿದರು. ನಮಗೆ ಕಾಣುವ ಅಂಕದಲ್ಲಿ ನಿಜದ ಪಾಲೂ ಇದೆ, ದೋಷದ ಪಾಲೂ ಇದೆ, ದೋಷದ ಪಾಲು ಹೆಚ್ಚಿದಷ್ಟೂ ಎರಡು ಗುಣಗಳ ನಡುವಿನ ನಿಜವಾದ ನಂಟು ಮಸುಕಾಗುತ್ತದೆ ಎಂದು ತೋರಿಸಿದರು. ಪರೀಕ್ಷೆಯನ್ನು ಎರಡು ಹೋಳು ಮಾಡಿ, ಒಂದು ಹೋಳಿನ ಅಂಕ ಇನ್ನೊಂದಕ್ಕೆ ಎಷ್ಟು ಹೊಂದುತ್ತದೆ ಎಂದು ನೋಡುವ ಉಪಾಯ ಅಲ್ಲಿಂದ ಬೆಳೆಯಿತು. 1951ರಲ್ಲಿ ಲೀ ಕ್ರೊನ್‌ಬ್ಯಾಕ್ ಜನಪ್ರಿಯಗೊಳಿಸಿದ ‘ಆಲ್ಫಾ’ ಎಂಬ ಗುಣಾಂಕ ಎಲ್ಲ ಬಗೆಯ ಹೋಳುಗಳ ಸರಾಸರಿಯನ್ನು ಒಂದೇ ಏಟಿಗೆ ಕೊಡುತ್ತದೆ. ಸಮಾಜವಿಜ್ಞಾನದ ಪಿಎಚ್‌.ಡಿ. ಪ್ರಬಂಧಗಳಲ್ಲಿ ‘ಆಲ್ಫಾ 0.7ಕ್ಕಿಂತ ಹೆಚ್ಚು ಬಂದಿದೆ, ಆದ್ದರಿಂದ ಪ್ರಶ್ನಾವಳಿ ವಿಶ್ವಾಸಾರ್ಹ’ ಎಂಬ ಸಾಲು ಈಗ ಮಂಗಳಾರತಿಯಷ್ಟೇ ಕಡ್ಡಾಯ.

ಆಲ್ಫಾವನ್ನು ಹತ್ತಿರದಿಂದ ನೋಡಿದರೆ ಅದರ ಗುಟ್ಟು ಬಯಲಾಗುತ್ತದೆ. ಪ್ರಶ್ನೆಗಳ ನಡುವಿನ ಸರಾಸರಿ ಹೊಂದಾಣಿಕೆ 0.3 ಎಂದಿಟ್ಟುಕೊಳ್ಳಿ, ಅದೇನೂ ದೊಡ್ಡ ಹೊಂದಾಣಿಕೆಯಲ್ಲ. ಐದು ಪ್ರಶ್ನೆಗಳಿದ್ದರೆ ಆಲ್ಫಾ 0.68, ಸಂಶೋಧಕರು ಕೈಕೈ ಹಿಸುಕಿಕೊಳ್ಳುತ್ತಾರೆ. ಅದೇ ಗುಣಮಟ್ಟದ ಹತ್ತು ಪ್ರಶ್ನೆಗಳಾದರೆ 0.81, ಇಪ್ಪತ್ತಾದರೆ 0.90. ಇನ್ನೂ ಸುಲಭದ ದಾರಿಯಿದೆ. ‘ನನಗೆ ಆಗಾಗ ಬೇಸರವಾಗುತ್ತದೆ’, ‘ನನ್ನ ಮನಸ್ಸಿಗೆ ಪದೇಪದೇ ಬೇಜಾರಾಗುತ್ತದೆ’, ‘ನಾನು ಮಂಕಾಗಿ ಇರುವುದೇ ಹೆಚ್ಚು’ ಎಂದು ಒಂದೇ ಪ್ರಶ್ನೆಗೆ ಐದು ವೇಷ ಹಾಕಿಸಿದರೆ ಆಲ್ಫಾ ತಾನಾಗಿ ಏರುತ್ತದೆ. ಖಿನ್ನತೆಯ ನಿದ್ರೆ, ಹಸಿವು, ಆಸಕ್ತಿಗಳ ಮುಖಗಳನ್ನೆಲ್ಲ ಕೈಬಿಟ್ಟರೂ ಸಂಖ್ಯೆ ಮಾತ್ರ ಹೊಳೆಯುತ್ತಿರುತ್ತದೆ. ತಟ್ಟೆಯ ತಳಕ್ಕೆ ಹುಣಸೆಹಣ್ಣು ಅಂಟಿಸಿದ ತಕ್ಕಡಿ ಪ್ರತಿಸಲವೂ ಒಂದೇ ತೂಕ ತೋರಿಸುತ್ತದೆ. ಅದರ ವಿಶ್ವಾಸಾರ್ಹತೆ ನೂರಕ್ಕೆ ನೂರು, ತೂಕ ಮಾತ್ರ ಸುಳ್ಳು.

0.7 ಎಂಬ ಗೆರೆಯ ಕಥೆಯೂ ಹೀಗೇ. ಅದಕ್ಕೆ ಎಲ್ಲರೂ ಉಲ್ಲೇಖಿಸುವುದು ಜಮ್ ನನ್ನಲಿ ಅವರ ಪಠ್ಯಪುಸ್ತಕದ 1978ರ ಆವೃತ್ತಿ. ಸಂಶೋಧನೆಯ ಆರಂಭದ ಹಂತಕ್ಕೆ 0.7 ಸಾಕು ಎಂದ ನನ್ನಲಿ, ಒಬ್ಬ ವ್ಯಕ್ತಿಯ ಬಗ್ಗೆ ಮುಖ್ಯ ತೀರ್ಮಾನ ಮಾಡುವಾಗ ಕನಿಷ್ಠ 0.9, ಸಾಧ್ಯವಾದರೆ 0.95 ಬೇಕು ಎಂದೂ ಹೇಳಿದ್ದರು. ಮೊದಲ ಮಾತು ಜಗತ್ತೆಲ್ಲ ಸುತ್ತಿತು, ಎರಡನೆಯದು ಪುಸ್ತಕದಲ್ಲೇ ಉಳಿಯಿತು. 0.9 ಕೂಡ ಎಷ್ಟು ಸಡಿಲ ನೋಡಿ. ಐಕ್ಯೂ ಪರೀಕ್ಷೆಯ ಪ್ರಮಾಣಿತ ವಿಚಲನೆ 15. ವಿಶ್ವಾಸಾರ್ಹತೆ 0.9 ಇದ್ದರೆ ಅಂಕದ ಆಚೆಗೊಂದು ಒಂಬತ್ತು, ಈಚೆಗೊಂದು ಒಂಬತ್ತು ಬಿಟ್ಟು ಓದಬೇಕು. 70 ಎಂದು ಬರೆದದ್ದು 61 ಇರಬಹುದು, 79 ಇರಬಹುದು.

ಕ್ರೊನ್‌ಬ್ಯಾಕ್‌ಗೇ ತಮ್ಮ ಆಲ್ಫಾದ ಮೇಲೆ ಮೋಹವಿರಲಿಲ್ಲ. ಗೋಲ್ಡೀನ್ ಗ್ಲೇಸರ್, ಹರಿಂದರ್ ನಂದಾ ಮತ್ತು ನಾಗೇಶ್ವರಿ ರಾಜರತ್ನಂ ಜೊತೆ ಸೇರಿ 1972ರಲ್ಲಿ ಅವರು ಪ್ರಕಟಿಸಿದ ಗ್ರಂಥ ದೋಷವನ್ನು ಒಂದೇ ಮುದ್ದೆಯಾಗಿ ನೋಡುವುದನ್ನು ಬಿಟ್ಟು, ಪ್ರಶ್ನೆಯಿಂದ ಬಂದದ್ದೆಷ್ಟು, ಪರೀಕ್ಷಕರಿಂದ ಬಂದದ್ದೆಷ್ಟು, ದಿನದಿಂದ ಬಂದದ್ದೆಷ್ಟು ಎಂದು ಬಿಡಿಸಿ ಅಳೆಯಿತು. ಅವರು 2001ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾದ ಬರಹದಲ್ಲೂ, ಹೆಚ್ಚಿನ ಸಂದರ್ಭಗಳಿಗೆ ಆಲ್ಫಾ ತಕ್ಕ ಸಾಧನವಲ್ಲ ಎಂಬ ಮಾತಿದೆ. ಓದಿದವರು ಕಡಿಮೆ, ಆಲ್ಫಾ ಲೆಕ್ಕ ಹಾಕುವವರು ಲಕ್ಷಾಂತರ.

ಇಬ್ಬರು ಒಪ್ಪಿದರೆ ಸಾಕೇ?

ಪಿಯುಸಿ ಫಲಿತಾಂಶದ ಮರುದಿನ ನಮ್ಮಲ್ಲಿ ಮನೆಮನೆಯಲ್ಲೂ ಕೇಳುವ ಪ್ರಶ್ನೆ ಮರುಮೌಲ್ಯಮಾಪನದ್ದು. ಅಮೆರಿಕದ ಸಂಶೋಧಕರಾದ ಸ್ಟಾರ್ಚ್ ಮತ್ತು ಎಲಿಯಟ್ ಇದನ್ನು 1912ರಲ್ಲೇ ಪರೀಕ್ಷಿಸಿದ್ದರು. ಇಬ್ಬರು ಹೈಸ್ಕೂಲ್ ವಿದ್ಯಾರ್ಥಿಗಳ ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿಗಳನ್ನು ನೂರಾರು ಶಾಲೆಗಳ ಶಿಕ್ಷಕರಿಗೆ ಕಳಿಸಿದರು. ಒಂದೇ ಪತ್ರಿಕೆಗೆ ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟರು. ಮತ್ತೊಂದಕ್ಕೆ 50ರಿಂದ 97ರವರೆಗೆ ಬಂತು. ಭಾಷಾ ಪತ್ರಿಕೆ ಹೀಗೇ ಎಂದವರಿಗಾಗಿ ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅಲ್ಲಿ ಅಂತರ ಇನ್ನೂ ಹೆಚ್ಚಿತ್ತು.

ಇಬ್ಬರು ಮೌಲ್ಯಮಾಪಕರು ಒಪ್ಪಿದರು ಎಂದಾಗಲೂ ಎಚ್ಚರ ಬೇಕು. ನೂರು ಅರ್ಜಿಗಳನ್ನು ಇಬ್ಬರು ಅಧಿಕಾರಿಗಳು ಬೇರೆಬೇರೆಯಾಗಿ ನೋಡಿ, 85ರಲ್ಲಿ ಒಂದೇ ತೀರ್ಮಾನಕ್ಕೆ ಬಂದರು ಎನ್ನಿ. ಶೇ 85 ಒಮ್ಮತ ಎಂದು ವರದಿ ಬೀಗುತ್ತದೆ. ಆದರೆ ಇಬ್ಬರೂ ನೂರಕ್ಕೆ ತೊಂಬತ್ತನ್ನು ಪಾಸು ಮಾಡುವವರಾದರೆ, ಕಣ್ಣುಮುಚ್ಚಿ ಸಹಿ ಹಾಕಿದರೂ 82ರಲ್ಲಿ ಒಪ್ಪಿಗೆ ಕೂಡಿಬರುತ್ತದೆ. ಆಕಸ್ಮಿಕವನ್ನು ಕಳೆದು ಉಳಿದದ್ದನ್ನು ಅಳೆಯಲು 1960ರಲ್ಲಿ ಜೇಕಬ್ ಕೋಹೆನ್ ಕೊಟ್ಟ ‘ಕಪ್ಪಾ’ ಇಲ್ಲಿ 0.17 ಮಾತ್ರ. ನಿಜವಾಗಿ ನೋಡಿ ಒಪ್ಪಿದ್ದು ಅಷ್ಟೇ.

ವಿಜ್ಞಾನ ಇದೇ ಪ್ರಶ್ನೆಯನ್ನು ತನಗೇ ಹಾಕಿಕೊಂಡದ್ದು ತಡವಾಗಿ. 2015ರಲ್ಲಿ ಬ್ರಿಯಾನ್ ನೊಸೆಕ್ ಮುಂದಾಳತ್ವದಲ್ಲಿ 270 ಸಂಶೋಧಕರು ಮನೋವಿಜ್ಞಾನದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿನೋಡಿದರು. ಮೂಲ ಅಧ್ಯಯನಗಳಲ್ಲಿ ಶೇ 97ರಷ್ಟು ‘ಗಣನೀಯ’ ಫಲಿತಾಂಶ ಕೊಟ್ಟಿದ್ದವು. ಎರಡನೇ ಸಲ ಅದು ಬಂದದ್ದು ಶೇ 36ರಲ್ಲಿ. ಕ್ಯಾನ್ಸರ್ ಸಂಶೋಧನೆಯಲ್ಲಿ ಆಮ್ಜೆನ್ ಕಂಪನಿಯ ವಿಜ್ಞಾನಿಗಳು 53 ಹೆಗ್ಗುರುತಿನ ಅಧ್ಯಯನಗಳಲ್ಲಿ ಆರನ್ನಷ್ಟೇ ದೃಢಪಡಿಸಲಾಯಿತು ಎಂದು 2012ರಲ್ಲಿ ವರದಿ ಮಾಡಿದ್ದರು. ಮೂಲ ಸಂಶೋಧಕರೆಲ್ಲ ಸುಳ್ಳರು ಎಂದು ಇದರ ಅರ್ಥವಲ್ಲ. ಸಣ್ಣ ಮಾದರಿಯಿಂದ ಒಮ್ಮೆ ಬಂದ ಸಂಖ್ಯೆಯನ್ನು, ಹೊಸದಾಗಿ ಕಂಡದ್ದಕ್ಕೇ ಮಣೆ ಹಾಕುವ ಪತ್ರಿಕೆಗಳು ಅಚ್ಚುಮಾಡಿದವು. ಮತ್ತೊಮ್ಮೆ ಮಾಡಿನೋಡುವವರಿಗೆ ಹಣವೂ ಇರಲಿಲ್ಲ, ಹೆಸರೂ ಇರಲಿಲ್ಲ.

ಎರಡನೇ ತಂಡದ ಖರ್ಚು

ಆ ಖರ್ಚನ್ನು ಕೆಲಸದೊಳಕ್ಕೇ ಸೇರಿಸಿದವರು ಒಬ್ಬರಿದ್ದರು. ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸ್, 1937ರಲ್ಲಿ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗೆ ಕೈಹಾಕಿದಾಗ ಅವರ ತಲೆನೋವು ಗಣಿತದ್ದಾಗಿರಲಿಲ್ಲ. ಗದ್ದೆಗೆ ಹೋಗದೆ ಪಟ್ಟಿ ತುಂಬುವವರು, ಹೋಗಿಯೂ ತಪ್ಪಾಗಿ ಬರೆಯುವವರು, ಪ್ರತಿಸಲ ಒಂದೇ ಕಡೆಗೆ ವಾಲುವವರು ಇದ್ದರು. ಅವರ ಉಪಾಯವೆಂದರೆ ಇಡೀ ಪ್ರದೇಶವನ್ನು ಪ್ರತಿನಿಧಿಸುವಂತೆ ಒಂದರೊಳಗೊಂದು ಹೆಣೆದ ಎರಡು ಮಾದರಿಗಳನ್ನು ಆರಿಸಿ, ಬೇರೆಬೇರೆ ತಂಡಗಳಿಗೆ ಕೊಡುವುದು. ಎರಡು ತಂಡಗಳಿಂದ ಎರಡು ಅಂದಾಜು ಬರುತ್ತವೆ. ಅವೆರಡರ ಅಂತರವೇ ಇಡೀ ಸಮೀಕ್ಷೆಯ ನಂಬಿಕೆಯ ಅಳತೆ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಈ ಪದ್ಧತಿ ಬಂತು. ಗಡಿಯಾರಗಳ ಲೆಕ್ಕ ಸುಮ್ಮನೆ ನಂಬಿ ಎಡವಿದ್ದ ಸ್ವಾತಂತ್ರ್ಯವನ್ನು, ಅಂದರೆ ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ನಂಟಿಲ್ಲದಿರುವುದನ್ನು, ಮಹಲನೋಬಿಸ್ ಊಹೆಗೆ ಬಿಡದೆ ಏರ್ಪಾಡಿನಿಂದಲೇ ಗಳಿಸಿಕೊಂಡಿದ್ದರು.

ಇದು ನಮ್ಮ ಜಿಲ್ಲಾಸ್ಪತ್ರೆಗಳವರೆಗೂ ಬರಬೇಕಾದ ಪಾಠ. ಬುದ್ಧಿಯನ್ನು ಅಳೆಯುವ ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ವಿ.ವಿ. ಕಾಮತ್ ಒಗ್ಗಿಸಿದರು. ಬಿನೆ–ಕಾಮತ್ ಪರೀಕ್ಷೆ ಇಂದಿಗೂ ನಮ್ಮ ಮನೋವಿಜ್ಞಾನಿಗಳ ಕೈಯಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ 40ರಷ್ಟು ವೈಕಲ್ಯ ಇರಬೇಕು. ವೈಕಲ್ಯವನ್ನು ಅಳೆದು ಆಸ್ಪತ್ರೆ ಕೊಡುವ ಪ್ರಮಾಣಪತ್ರದಲ್ಲಿ ಅಚ್ಚಾಗುವುದು ಒಂದೇ ಒಂದು ಶೇಕಡಾವಾರು ಸಂಖ್ಯೆ. ಅದರ ಆಚೀಚೆಯ ಹರವಿಗೆ ಅಲ್ಲಿ ಜಾಗವಿಲ್ಲ.

ಗೆರೆ ಎಳೆಯದೆ ಆಡಳಿತ ನಡೆಯುವುದಿಲ್ಲ, ಒಪ್ಪೋಣ. ಎಲ್ಲರನ್ನೂ ಹತ್ತು ಸಲ ಅಳೆಯಲು ದುಡ್ಡೂ ಇಲ್ಲ, ತಜ್ಞರೂ ಇಲ್ಲ. ಗೆರೆಯಿಂದ ದೂರ ಇರುವವರಿಗೆ ಒಂದು ಅಳತೆಯೇ ಸಾಕು, ಎರಡಂಕ ಹೆಚ್ಚುಕಮ್ಮಿಯಾದರೂ ಅವರ ಪಾಲಿನ ತೀರ್ಮಾನ ಬದಲಾಗದು. ಗೆರೆಗೆ ತಾಗಿಕೊಂಡಿರುವ ಕೆಲವರನ್ನು ಮಾತ್ರ ಬೇರೆ ದಿನ, ಬೇರೆಯವರ ಕೈಯಲ್ಲಿ, ಮೊದಲ ಅಂಕವನ್ನು ಅವರಿಗೆ ತೋರಿಸದೆ ಇನ್ನೊಮ್ಮೆ ಅಳೆಸಬೇಕು. ಎರಡು ಅಳತೆಗಳಿಗೂ ತಾಳೆಯಾಗದಿದ್ದರೆ ಸಂದೇಹದ ಲಾಭ ಅರ್ಜಿದಾರರಿಗೆ ಹೋಗಬೇಕು. ಇಷ್ಟನ್ನು ನಿಯಮದಲ್ಲಿ ಬರೆಯಲು ಹೊಸ ಸೂತ್ರವೇನೂ ಬೇಕಿಲ್ಲ. ಎರಡನೇ ಅಳತೆಯ ಖರ್ಚನ್ನು ದಂಡವೆಂದು ಬಗೆಯದ ಒಬ್ಬ ಅಧಿಕಾರಿ ಸಾಕು.